ಮಳೆಗಾಲಕ್ಕಿಂತ ಉದ್ದದ ನೆಗಡಿ

ನನ್ನ ಸೋದರತ್ತೆಗೆ ದೇವರು ತಾಳ್ಮೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಧಾರಾಳವಾಗಿ ಕೊಟ್ಟಿದ್ದಾನೆ. ಮೂಗು ಕೊಡುವಾಗಂತೂ ಅವನ ಕೈ ತುಸು ಜಾಸ್ತಿಯೇ ಜಾರಿತ್ತು! ಶುಂಠಿ ನೆಟ್ಟ ವಾರದೊಳಗೇ ಮಣ್ಣು ಕೆದಕಿ, ಮೊಳಕೆ ಬಂತೇ ಎಂದು ನೋಡಿ ಮತ್ತೆ ಮುಚ್ಚುವವರು ನಮ್ಮ ಗಡಿಯೂರು ಪೆರಿಕಲ್ಲೂರಿನಲ್ಲಿ ಅತ್ತೆ ಒಬ್ಬರೇ. ಕೇಳಿದರೆ, "ಅದುಕ್ಕೂ ಒಸಿ ಹೆದ್ರಿಕೆ ಇರ್ಲಿ" ಎನ್ನುತ್ತಾರೆ.

ಇಂಥವರು ಐವತ್ತು ದಾಟಿದ ಮೇಲೆ ಮೂಗು ತಿದ್ದಿಸಿಕೊಳ್ಳಲು ಹೊರಟರು. ಫೋಟೋ ತೆಗೆಯುವಾಗೆಲ್ಲ ಅವರ ಸೆರಗು ಮೂಗಿಗೆ ಹೋಗುತ್ತಿದ್ದದ್ದನ್ನು ನಾವು ನಾಚಿಕೆ ಎಂದುಕೊಂಡಿದ್ದೆವು. ಅದು ಮದುವೆಯ ದಿನದಿಂದ ಹೊತ್ತುಕೊಂಡು ಬಂದ ಸಂಕಟವೆಂದು ಯಾರಿಗೆ ಗೊತ್ತಿತ್ತು?

"ಈ ವಯಸ್ಸಲ್ಲಿ ಹೊಸ ಮೂಗು ಯಾರ್ಗೆ ತೋರ್ಸಕ್ಕೆ?" ಎಂದರು ಮಾವ.

"ಉಸ್ರು ಎಳೆಯೋಳು ನಾನು. ಮೂಗೂ ನಂಗೇ!"

ಮಾವ ತೆಪ್ಪಗೆ ಕೋಳಿಕ್ಕೋಡಿನ ಬಸ್ಸು ಹತ್ತಿದರು.

ಅಲ್ಲಿನ ಡಾಕ್ಟರು ಮೊದಲೇ ಹೇಳಿದ್ದರು: ಊತ ಪೂರ್ತಿ ಇಳಿಯಲು ವರ್ಷ ಬೇಕು, ತುದಿಯದ್ದು ಎಲ್ಲಕ್ಕಿಂತ ಕೊನೆಗೆ, ಅಲ್ಲಿಯವರೆಗೆ ಯಾರೂ ಮೂಗು ಹಿಂಡಬಾರದು. "ಒರು ಕೊಲ್ಲಮೋ!" ಎಂದು ಅತ್ತೆ ಮಲಯಾಳದಲ್ಲೇ ಕಿರುಚಿದರಂತೆ. ಒಂದು ವರ್ಷ! ಇಡ್ಲಿ ಬೇಯುವಷ್ಟು ಹೊತ್ತೂ ಮುಚ್ಚಳ ಮುಚ್ಚಿಡಲಾಗದ ಹೆಂಗಸಿಗೆ!

ಪಟ್ಟಿ ಬಿಚ್ಚಿದಾಗ ಕಣ್ಣಿನ ಕೆಳಗೆಲ್ಲ ನೇರಳೆ ಬಣ್ಣ, ನಡುವೆ ಮೊದಲಿಗಿಂತಲೂ ದಪ್ಪ ಮೂಗು. ಅತ್ತೆ ಹೊಲಿಗೆಯ ದಾರ ಹಿಡಿದು ಹೊತ್ತುಹೊತ್ತಿಗೆ ಅಳೆಯತೊಡಗಿದರು. ಬೆಳಗ್ಗೆ ಊತ ಹೆಚ್ಚು, ಸಂಜೆ ಕಮ್ಮಿ ಎಂದು ಕಂಡುಹಿಡಿದ ಮೇಲೆ ಮಲಗುವುದನ್ನೇ ಬಿಟ್ಟು ಗೋಡೆಗೆ ಒರಗಿ ನಿದ್ದೆ ಮಾಡಿದರು. ಮೆಣಸು ಕೊಯ್ಯಲು ಏಣಿ ಏರಿದ ಕೆಲಸದವಳನ್ನೂ ಬಿಡಲಿಲ್ಲ.

"ನಿನ್ನೆಗಿಂತ ಇಳ್ದದಾ, ನೋಡಿ ಹೇಳೇ."

"ಇಲ್ಲಿಂದ ನೋಡುದ್ರೆ ಎಲ್ಲಾರ ಮೂಗೂ ಸಣ್ದೇ ಚೇಚಿ!"

ಈ ಅವಸರ ಅಂದಕ್ಕಾಗಿ ಅಲ್ಲವೆಂದು ನನಗೆ ತಿಳಿದದ್ದು ತಡವಾಗಿ. ಕಬಿನಿಯ ಆಚೆ ದಡದಲ್ಲಿ, ದೊಡ್ಡಪ್ಪನ ಮನೆಯಲ್ಲಿ, ಅತ್ತೆಯ ತಾಯಿ ಇದ್ದಾರೆ, ನನ್ನ ಅಜ್ಜಿ. ತೊಂಬತ್ತು ದಾಟಿದೆ, ಕಣ್ಣು ಪೂರ್ತಿ ಹೋಗಿದೆ. ಮಕ್ಕಳು ಮೊಮ್ಮಕ್ಕಳು ಯಾರೇ ಹೋದರೂ ಎರಡೂ ಕೈಯಿಂದ ಮುಖ ಸವರಿ, ಮೂಗು ಹಿಂಡಿ, ಆಮೇಲೆ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಾರೆ. ಅವರು ನಮ್ಮನ್ನು ನೋಡುವುದೇ ಹಾಗೆ. ವಾರವಾರವೂ ದೋಣಿ ದಾಟಿ ಹೋಗುತ್ತಿದ್ದ ಅತ್ತೆ, ಆಪರೇಷನ್ ವಿಷಯ ಮುಚ್ಚಿಟ್ಟು ಫೋನಿನಲ್ಲಿ "ನೆಗ್ಡಿ ಕಣವ್ವ" ಎಂದು ದಿನ ತಳ್ಳುತ್ತಿದ್ದರು. ತಿಂಗಳುಗಳೇ ಉರುಳಿದವು.

"ಅದೆಂಥ ನೆಗ್ಡಿ ಕೂಸೇ, ಮಳೆಗಾಲಕ್ಕಿಂತ ಉದ್ದ!" ಎಂದರು ಅಜ್ಜಿ.

ಫೋನಿಟ್ಟು ಅತ್ತೆ ನನ್ನ ಕಡೆ ತಿರುಗಿದರು. "ಮುಟ್ಟಿ ನೋಡ್ಬುಟ್ಟು ಅವ್ವ 'ಯಾರು ನೀನು' ಅಂದ್ರೆ? ಊತ ಇಳೀಲಿ ಅಂತ ವರ್ಷ ನಾನು ಕಾಯ್ತೀನಿ. ಅವ್ವಂಗೆ ವರ್ಷ ಅದೆಯಾ?"

ಮುಂದಿನ ಭಾನುವಾರ ಅಜ್ಜಿ ನೆಗಡಿಯ ಸುದ್ದಿಯನ್ನೇ ಎತ್ತಲಿಲ್ಲ. "ಆಗ್ಲಿ ಬುಡು" ಎಂದಷ್ಟೇ ಹೇಳಿ ಫೋನಿಟ್ಟುಬಿಟ್ಟರು. ಅತ್ತೆ ಊದಿದ ಮೂಗಿನಲ್ಲೇ ಕಡವಿಗೆ ಓಡಿ ದೋಣಿ ಹತ್ತಿದರು, ಅವರ ಹಿಂದೆ ನಾನು.

ಅಜ್ಜಿಯ ಕೈ ಹಣೆ ಸವರಿ, ಹುಬ್ಬು ದಾಟಿ, ಮೂಗಿನ ಹತ್ತಿರ ಬಂದು ನಿಂತಿತು. ಅತ್ತೆ ಉಸಿರು ಬಿಗಿಹಿಡಿದರು. ಅಜ್ಜಿ ಹಿಂಡಲಿಲ್ಲ. ಒಂದೇ ಬೆರಳನ್ನು ಮೆಲ್ಲಗೆ ತಾಗಿಸಿ ತೆಗೆದರು.

"ಮೂಗು ಮಾಡ್ಸ್ಕಂಡಾ ಕೂಸೇ? ಮದ್ವೆ ದಿನದಿಂದ ನಿಂಗೆ ಅದೇ ಕೊರಗಲ್ವಾ. ಬೋ ನೋವಾಯ್ತಾ?"

ಅತ್ತೆ ಅಜ್ಜಿಯ ಅಂಗೈಗಳ ನಡುವೆಯೇ ತಲೆಯಾಡಿಸಿದರು.

"ಇನ್ನೂ ಬಾವು ಅದೆ. ಪೂರಾ ಇಳೀಲಿ, ಆಮ್ಯಾಲೆ ಮುಟ್ಟಿ ನೋಡ್ತೀನಿ. ನಂಗೇನವಸ್ರ? ಇಲ್ಲೇ ಇರ್ತೀನಲ್ಲ."

ತೊಂಬತ್ತು ದಾಟಿದ ಮುದುಕಿ ಹೇಳುವ ಮಾತೇ ಇದು! ಅತ್ತೆ ಆ ಅಂಗೈಯಲ್ಲಿ ಮುಖವಿಟ್ಟು ಮಗುವಿನಂತೆ ಅತ್ತರು. ಮೂಗಿನ ಜೋಪಾನ ಅವರಿಗೂ ನೆನಪಾಗಲಿಲ್ಲ, ನನಗೂ.