ಎಡಗಣ್ಣಿಗೆ ಬಂದ ನೋಟೀಸು

ಲಾರಿ ಓಡಿಸುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಟೈರಿಗೆ ಮೊಳೆ ಸಿಕ್ಕ ಹಾಗೆ ಅವೇ ಬಂದು ಸಿಗುತ್ತವೆ. ಸಿಕ್ಕ ಹೊತ್ತಿನಲ್ಲಿ ಮಾತ್ರ ಯಾವುದಕ್ಕೂ ನಗು ಬರುವುದಿಲ್ಲ.

ನಾನು ನ್ಯಾಮತಿಯವನು. ಇಪ್ಪತ್ತೆರಡು ವರ್ಷದಿಂದ ಒಂದೇ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಡ್ರೈವರ್. ಹೆಚ್ಚಾಗಿ ಜಗಳೂರಿನಲ್ಲಿ ಮೆಕ್ಕೆಜೋಳ ತುಂಬಿಕೊಂಡು ಹೋಗಿ ಚನ್ನಗಿರಿ ಕಡೆಯ ಪಶು ಆಹಾರದ ಫ್ಯಾಕ್ಟರಿಯಲ್ಲಿ ಇಳಿಸುವುದು ನನ್ನ ಕೆಲಸ. ನನ್ನ ಎಡಗಣ್ಣಿನ ರೆಪ್ಪೆ ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಡಾಕ್ಟರೂ ಹಾಗಂತ ಬರೆದುಕೊಟ್ಟಿದ್ದಾರೆ. ರೆಪ್ಪೆ ಯಾಕೆ ಹಾಗಾಯಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನಿಮಗೆ ನಗು ಬರುವುದಿಲ್ಲ.

೧. ಪೆಟ್ಟಿಗೆ ಬಂತು

ಹೋದ ವರ್ಷ ಕಂಪನಿಯವರು ಎಲ್ಲ ಲಾರಿಗಳಿಗೂ ಸ್ಟೇರಿಂಗಿನ ಎದುರಿಗೆ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದರು. ಅದರೊಳಗೆ ಕ್ಯಾಮೆರಾ. ಡ್ರೈವರ್ ತೂಕಡಿಸಿದರೆ ಅದು ಕೂಗುತ್ತದೆ, ಆಫೀಸಿಗೂ ಸುದ್ದಿ ಮುಟ್ಟಿಸುತ್ತದೆ. ಆಮೇಲೆ ನೋಟೀಸು ಬರುತ್ತದೆ. ಮೂರು ನೋಟೀಸಾದರೆ ಲಾರಿಯ ಕೀಲಿ ಕೊಟ್ಟು ಮನೆಗೆ ಹೋಗಬೇಕು. ಈ ವಯಸ್ಸಿನಲ್ಲಿ, ಈ ಕಣ್ಣು ನೋಡಿ, ಬೇರೆ ಯಾರು ನನಗೆ ಲಾರಿ ಕೊಡುತ್ತಾರೆ? ನಿಜ ಹೇಳಬೇಕೆಂದರೆ ಹೆದರಿದೆ.

ಕೂರಿಸಲು ಬಂದಿದ್ದ ಮೆಕ್ಯಾನಿಕ್ಕನ್ನು ಕೇಳಿದೆ, "ಇದು ಯಾವ ಕಣ್ಣು ನೋಡತೈತಪ್ಪ?"

"ಎರಡೂ ನೋಡತೈತೆ ಅಣ್ಣ."

"ನಂದು ಒಂದೂವರೆ ಐತಲ್ಲ."

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. "ಆ ಅರ್ಧಾನ ಹೆಂಗಾದ್ರೂ ಮಾಡಿ ನೀವೇ ಸುಧಾರಿಸ್ಕಳ್ರಿ" ಎಂದು ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಇಳಿದು ಹೋದ.

ಜಗಳೂರು ಬಿಟ್ಟು ಬಿಳಿಚೋಡು ಮುಟ್ಟುವಷ್ಟರಲ್ಲಿ ಪೆಟ್ಟಿಗೆ "ಚಾಲಕರೇ, ಎಚ್ಚರಗೊಳ್ಳಿ" ಎಂದು ಕೂಗಿ ಕೂಗಿ ನನ್ನ ತಲೆ ಕೆಡಿಸಿತು. ಹಿಂದೆಯೇ ಫೋನ್ ಬಂತು. ಕಂಪನಿಯ ಕಂಟ್ರೋಲ್ ರೂಮಿನ ಹೆಣ್ಣುಮಗಳು.

"ಸರ್, ಎಚ್ಚರವಾಗಿದ್ದೀರಾ?"

"ಇಲ್ಲಮ್ಮ, ನಿದ್ದೆಗಣ್ಣಾಗೇ ಫೋನ್ ಎತ್ತೀನಿ."

ಅಷ್ಟರಲ್ಲಿ ಪೆಟ್ಟಿಗೆ ಹೊಸ ರಾಗ ತೆಗೆಯಿತು, "ಚಾಲನೆಯಲ್ಲಿ ಫೋನ್ ಬಳಸಬೇಡಿ." ಹಾಗಾಗಿ ಮೊದಲ ನೋಟೀಸು ನಿದ್ದೆಗೆ ಬರಲಿಲ್ಲ, ಫೋನಿಗೆ ಬಂತು. ಗಾಡಿ ಓಡಿಸುತ್ತ ಯಾರ ಜೊತೆ ಮಾತನಾಡುತ್ತಿದ್ದಿರಿ ಎಂದು ವಿವರಣೆ ಕೇಳಿದ್ದರು. "ನಿಮ್ಮ ಜೊತೆ" ಎಂದು ಬರೆದು, ಸಹಿ ಹಾಕಿ ಕಳಿಸಿದೆ.

೨. ವಿಶ್ರಾಂತಿ

ಪೆಟ್ಟಿಗೆಯನ್ನು ಸುಮ್ಮನೆ ಬೈಯಬಾರದು. ಅದಕ್ಕೆ ಇನ್ನೊಂದು ಮಾತೂ ಬರುತ್ತಿತ್ತು. ಬಹಳ ಹೊತ್ತು ಓಡಿಸಿದರೆ "ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ" ಅನ್ನುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಈ ಕಂಪನಿಯ ಕಡೆಯಿಂದ ನನಗೆ ಆ ಮಾತು ಹೇಳಿದ್ದು ಅದೊಂದೇ. ಮೊದಲ ಸಲ ಕೇಳಿದಾಗ ಅದರ ಮೇಲಿನ ಧೂಳು ಒರೆಸಿದೆ.

ಅವತ್ತು ಹೊನ್ನಾಳಿಯಿಂದ ಅಕ್ಕಿ ಲೋಡಿತ್ತು. ಹೊಳೆ ಸೇತುವೆ ದಾಟಿದ ಮೇಲೆ ಪೆಟ್ಟಿಗೆಯ ಮಾತಿಗೆ ಬೆಲೆ ಕೊಟ್ಟು, ಒಂದು ಬೇವಿನ ಮರದ ನೆರಳಿಗೆ ಲಾರಿ ಹಚ್ಚಿ, ಟವೆಲು ಹಾಸಿಕೊಂಡು ಅಡ್ಡಾದೆ. ಬೆನ್ನು ನೆಲ ಮುಟ್ಟಿತ್ತೋ ಇಲ್ಲವೋ, ಫೋನ್.

"ಸರ್, ಗಾಡಿ ಯಾಕೆ ನಿಂತಿದೆ?"

"ನಿಮ್ಮ ಪೆಟ್ಟಿಗೇನೇ ಹೇಳ್ತಮ್ಮ, ವಿಶ್ರಾಂತಿ ತಗಳ್ರಿ ಅಂತ."

ಪಾಪ, ಆಕೆ ಪಕ್ಕದಲ್ಲಿ ಯಾರನ್ನೋ ಕೇಳಿಕೊಂಡು ಬಂದಳು. "ಸರ್, ಅದು ಹಾಗೆ ಹೇಳುತ್ತೆ. ನೀವು ತಗೋಬಾರದಂತೆ."

೩. ಅಂಟುಪಟ್ಟಿ

ಡಾಕ್ಟರ ಚೀಟಿ ಹಿಡಿದು ಆಫೀಸಿಗೂ ಹೋಗಿಬಂದೆ. ಗುಮಾಸ್ತರು ಎರಡು ಸಲ ಓದಿ, "ಚೀಟಿಯೇನೋ ಸರಿಯಾಗಿದೆ. ಆದರೆ ಪೆಟ್ಟಿಗೆಗೆ ಓದೋಕೆ ಬರಲ್ಲವಲ್ಲ" ಎಂದು ವಾಪಸ್ ಕೊಟ್ಟರು.

ಮನೆಯಲ್ಲಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದೆ. ನನ್ನ ಹೆಂಡತಿ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ತಂದಳು. "ಅಳ್ಳಾಡಬ್ಯಾಡ್ರಿ" ಎಂದು ಗದ್ದ ಹಿಡಿದು, ರೆಪ್ಪೆಯನ್ನು ಮೇಲಕ್ಕೆತ್ತಿ ಹುಬ್ಬಿಗೆ ಅಂಟಿಸಿಯೇಬಿಟ್ಟಳು. ಕನ್ನಡಿ ನೋಡಿಕೊಂಡೆ. ಎಷ್ಟೋ ವರ್ಷದ ಮೇಲೆ ಎರಡು ಕಣ್ಣೂ ಒಂದೇ ಅಳತೆಗೆ ತೆರೆದಿದ್ದವು. ಆಕೆ ದಿಟ್ಟಿಸಿ ನೋಡಿ, "ಲಗ್ನದಾಗೆ ಹಿಂಗೇ ಇದ್ರಿ" ಅಂದಳು.

ಮಾರನೇ ದಿನ ಲೋಡು ಹೊತ್ತು ಹೊರಟೆ. ಪೆಟ್ಟಿಗೆ ತುಟಿ ಬಿಚ್ಚಲಿಲ್ಲ. ಗೆದ್ದೆ ಅಂದುಕೊಂಡು ಬಿಳಿಚೋಡಿನವರೆಗೂ ಸಿಳ್ಳೆ ಹಾಕಿಕೊಂಡು ಬಂದೆ. ಅಲ್ಲಿ ಫೋನ್ ಬಂತು. ಈ ಸಲ ಗಾಡಿ ಬದಿಗೆ ಹಚ್ಚಿಯೇ ಎತ್ತಿದೆ.

"ಸರ್, ನಿಮ್ಮ ಲಾರಿಯನ್ನ ಯಾರೋ ಅಪರಿಚಿತರು ಓಡಿಸ್ತಿದ್ದಾರೆ ಅಂತ ಬರ್ತಿದೆ. ನೀವು ಎಲ್ಲಿದ್ದೀರಾ?"

"ಇಲ್ಲೇ ಅದೀನಮ್ಮ, ಸೀಟಿನ ಮ್ಯಾಲೆ."

"ಹಾಗಾದ್ರೆ ಅವರು ಯಾರು?"

ಗಾಡಿಯನ್ನು ಬೇರೆಯವರ ಕೈಗೆ ಕೊಟ್ಟ ತಪ್ಪಿಗೆ ಎರಡನೇ ನೋಟೀಸು ಬಂತು. ಎರಡೂ ಕಣ್ಣು ನೆಟ್ಟಗೆ ಬಿಟ್ಟ ಒಂದೇ ಒಂದು ದಿನ, ಕಂಪನಿಯ ಪ್ರಕಾರ ನಾನು ನಾನಾಗಿರಲಿಲ್ಲ.

೪. ಮ್ಯಾನೇಜರು ಹತ್ತಿದರು

ಉಳಿದದ್ದು ಒಂದೇ ನೋಟೀಸು. ಅದನ್ನು ಬರೆಯುವ ಮೊದಲು ಖುದ್ದಾಗಿ ನೋಡುತ್ತೇನೆಂದು ಮ್ಯಾನೇಜರೇ ಜಗಳೂರಿನಲ್ಲಿ ಲಾರಿ ಹತ್ತಿದರು. "ಚನ್ನಗಿರಿವರೆಗೂ ಪಕ್ಕದಲ್ಲೇ ಕೂತಿರ್ತೀನಿ. ನೀವು ತೂಕಡಿಸೋದು ನಿಜವಾದರೆ ಅಲ್ಲೇ ಕೀಲಿ ಕೊಟ್ಟು ಬಸ್ ಹತ್ತಿ" ಅಂದರು.

ಇವರು ಹಿಂದೆ ನಮ್ಮದೇ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ನಡುವೆ ಬೇರೆ ಊರಿಗೆ ಹೋಗಿ, ಈಗ ಮ್ಯಾನೇಜರಾಗಿ ವಾಪಸ್ ಬಂದಿದ್ದರು. ನನ್ನ ನೆನಪು ಅವರಿಗಿರಲಿಲ್ಲ. ಅವರ ನೆನಪು ನನಗಿತ್ತು.

ದಾವಣಗೆರೆಯಲ್ಲಿ ಊಟವಾಯಿತು. ಹೊರಗೆ ಸುಡುಬಿಸಿಲು. ಕೆರೆಬಿಳಚಿ ಇನ್ನೂ ದೂರವಿರುವಾಗಲೇ ಮ್ಯಾನೇಜರ ತಲೆ ಎದೆಗೆ ವಾಲಿ, ಗೊರಕೆ ಶುರುವಾಯಿತು. ಪೆಟ್ಟಿಗೆಗೆ ಕಾಣುವುದು ಡ್ರೈವರ್ ಮುಖ ಮಾತ್ರ. ಅದು ನನ್ನನ್ನು ನೋಡಿ "ಚಾಲಕರೇ, ಎಚ್ಚರಗೊಳ್ಳಿ" ಅಂತು. ಮ್ಯಾನೇಜರು ಬೆಚ್ಚಿ ಎದ್ದು ಕೂತರು. ಮತ್ತೆ ವಾಲಿದರು. ಮತ್ತೆ ಕೂಗಿತು. ಐದನೇ ಸಲಕ್ಕೆ ಸಿಟ್ಟು ನೆತ್ತಿಗೇರಿತು.

"ಏನ್ರೀ ಇದು! ಮನುಷ್ಯ ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ಲ!"

"ನಾನು ಮುಚ್ಚಿಲ್ಲ ಸಾರ್."

ಅವರು ಆಗ ನನ್ನ ಕಡೆ ಸರಿಯಾಗಿ ನೋಡಿದರು. "ಅಲ್ಲ, ಏನಾಯ್ತು ಆ ಕಣ್ಣಿಗೆ?"

ಹೇಳಿದೆ. ನನ್ನ ಹಳೇ ಲಾರಿಯ ಮುಂದಿನ ಗಾಜು ಬಿರುಕು ಬಿಟ್ಟಿತ್ತು. ಬದಲಿಸಿಕೊಡಿ ಎಂದು ಆಫೀಸಿಗೆ ಅರ್ಜಿ ಕೊಟ್ಟಿದ್ದೆ. "ಬಿರುಕು ಮಾತ್ರ. ಓಡಿಸಬಹುದು" ಎಂದು ಅದರ ಮೇಲೆ ಬರೆದು ವಾಪಸ್ ಬಂತು. ಎರಡು ವಾರ ಓಡಿಸಿದೆ. ಬಿಳಿಚೋಡಿನ ಹತ್ತಿರ ಮುಂದಿನ ಟಿಪ್ಪರಿನ ಚಕ್ರದಿಂದ ಒಂದು ಕಲ್ಲು ಸಿಡಿಯಿತು. ಗಾಜಿನ ಚೂರು ರೆಪ್ಪೆಯ ನರ ಕತ್ತರಿಸಿತು.

"ಮಾರನೇ ದಿನಾನೇ ಹೊಸಾ ಗಾಜು ಹಾಕ್ಸಿದ್ರಿ ಸಾರ್. ಅದಕ್ಕೇನೂ ತಡ ಆಗಲಿಲ್ಲ" ಅಂದೆ. ಆಮೇಲೆ, ಹೇಳಬಾರದು ಅಂದುಕೊಂಡಿದ್ದರೂ ಬಾಯಿಗೆ ಬಂದೇಬಿಟ್ಟಿತು. "ಅರ್ಜಿ ಮ್ಯಾಲಿನ ಅಕ್ಷರ ನಿಮ್ದೇ ಇತ್ತು."

ಹೇಳಿದ ಮೇಲೆ, ಮುಗಿಯಿತು, ಕೀಲಿ ಹೋಯಿತು ಅಂದುಕೊಂಡೆ. ಕೆರೆಬಿಳಚಿ ಬಂತು, ದಾಟಿತು. ಮ್ಯಾನೇಜರು ಮತ್ತೆ ನಿದ್ದೆ ಮಾಡಲಿಲ್ಲ. ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದರು.

ಫ್ಯಾಕ್ಟರಿ ಅಂಗಳದಲ್ಲಿ ಲಾರಿ ನಿಲ್ಲಿಸಿದೆ. "ಇಳೀರಿ" ಅಂದರು. ಕೀಲಿಯನ್ನು ಅಲ್ಲೇ ಬಿಟ್ಟು ಇಳಿದೆ. ಅವರು ಸರಿದು ನನ್ನ ಸೀಟಿನಲ್ಲಿ ಕೂತರು. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಸ್ವಲ್ಪ ಹೊತ್ತು ಎದುರಿಗೆ ನೋಡಿ, ತಲೆ ತಗ್ಗಿಸಿ ಕಣ್ಣು ಮುಚ್ಚಿದರು.

"ಚಾಲಕರೇ, ಎಚ್ಚರಗೊಳ್ಳಿ" ಎಂದು ಪೆಟ್ಟಿಗೆ ಕೂಗಿತು.

ಕೂಡಲೇ ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಏನು ಮಾಡುವುದೋ ತಿಳಿಯದೆ ಅದನ್ನು ಮ್ಯಾನೇಜರ ಕೈಗೇ ಕೊಟ್ಟೆ. ಆ ಹೆಣ್ಣುಮಗಳ ದನಿ ಕೆಳಗೆ ನಿಂತ ನನಗೂ ಕೇಳಿಸಿತು.

"ಸರ್, ಎಚ್ಚರವಾಗಿದ್ದೀರಾ?"

"ಆಯ್ತಮ್ಮ" ಅಂದರು ಮ್ಯಾನೇಜರು. "ಈಗ ತಾನೇ ಎಚ್ಚರವಾಯ್ತು."

ಕೀಲಿ ತೆಗೆದು ನನ್ನ ಕೈಯಲ್ಲಿಟ್ಟು, ತಾವೇ ಬಸ್ ಸ್ಟ್ಯಾಂಡಿನ ದಾರಿ ಕೇಳಿಕೊಂಡು ಹೊರಟರು.