ಸೀಸೆಯಲ್ಲಿಟ್ಟ ಮುಹೂರ್ತ

ಅದು ೧೯೭೬ನೆಯ ಇಸವಿ. ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಮದುವೆಯ ಮುಹೂರ್ತವನ್ನು ಪಂಚಾಂಗ ನೋಡಿ ಇಡುವವರಿದ್ದಾರೆ, ಛತ್ರ ಖಾಲಿಯಿದೆಯೇ ಎಂದು ನೋಡಿ ಇಡುವವರೂ ಇದ್ದಾರೆ. ಸೀಸೆ ನೋಡಿ ಇಡಿಸಿದವನು ನನಗೆ ತಿಳಿದಂತೆ ಒಬ್ಬನೇ: ನನ್ನ ಸೋದರಮಾವನ ಮಗ. ಸೀಸೆ ಎಂದೊಡನೆ ನಗಬೇಡಿ. ಅದರಲ್ಲಿ ನೀವು ಊಹಿಸಿದ ದ್ರವ ಇರಲಿಲ್ಲ!

ನಾನಾಗ ಚಿನ್ನದ ಗಣಿಯ ಊರಾದ ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕ. ಈಗ ಅಧ್ಯಾಪನವನ್ನು ಬಿಟ್ಟಿದ್ದೇನೆ, ತಿದ್ದುವುದನ್ನು ಬಿಟ್ಟಿಲ್ಲ. ಮದುವೆಯ ಕರೆಯೋಲೆ ಬಂದರೂ ಮೊದಲು ಕೆಂಪು ಶಾಯಿಯ ಲೇಖನಿಯನ್ನು ಹುಡುಕುತ್ತೇನೆ. ಇಂಥವನ ಮನೆಗೆ ವಾರವಾರವೂ ಬರುತ್ತಿದ್ದ ಆ ಪುಣ್ಯಾತ್ಮ ಯಾವ ವಾಕ್ಯವನ್ನೂ ಕ್ರಿಯಾಪದದವರೆಗೆ ತಲುಪಿಸಿದವನಲ್ಲ. "ಭಾವಾ, ಕಾಫಿ..." ಎನ್ನುವನು. ಬೇಕೋ, ಸಾಕೋ, ಚೆಲ್ಲಿತೋ? ನಾವೇ ಊಹಿಸಬೇಕು!

ಅವನ ಊರು ಬಂಗಾರಪೇಟೆಯ ಪಕ್ಕದ ಹಳ್ಳಿ. ಮನೆಯವರಿಗೆ ರಾಗಿಯ ಹೊಲ, ಎರಡು ಸೀಮೆಹಸು. ಅವನು ಮಾತ್ರ ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಲೋಹಗಳನ್ನು ನುಣ್ಣಗೆ ಮಾಡುವ ಸಂಶೋಧನೆಗೆ ಸೇರಿದ್ದ. ಎಷ್ಟು ನುಣ್ಣಗೆ? ಬರಿಗಣ್ಣಿಗಿರಲಿ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು!

"ಕಾಣ್ದೇ ಇರೋದ್ನ ಮಾಡ್ದೆ ಅಂದ್ರೆ ಎಂಗ್ಲಾ ನಂಬ್ತಾರೆ ದುಡ್ಡು ಕೊಡೋರು?" ಎಂದು ನನ್ನ ಅಮ್ಮ ಕೇಳಿದರೆ, "ಅದೇ ಅತ್ತೆ, ನಂಗೂ..." ಎಂದು ತಲೆ ಕೆರೆದುಕೊಂಡಿದ್ದ.

ಇವನಿಗೇ ನನ್ನ ತಂಗಿಯನ್ನು ಕೊಡುವುದೆಂದು ಹಿರಿಯರು ಎಂದೋ ಮಾತಾಡಿಕೊಂಡಿದ್ದರು. ಆ ವರ್ಷ ಅವಳಿಗೆ ಬಿ.ಎಸ್ಸಿ.ಗೆ ಸೀಟು ಸಿಕ್ಕಿತು; ಅದೇ ವಾರ ಅಮ್ಮನಿಗೆ ಮದುವೆಯ ಅವಸರ ಹತ್ತಿತು. ನಮ್ಮ ಮನೆತನದಲ್ಲಿ ಮುಹೂರ್ತವಿಟ್ಟ ಮೇಲೆ ಹುಡುಗಿ ಹೊಸಿಲು ದಾಟುವಂತಿಲ್ಲ. ಮದುವೆಯಾದ ಮೇಲಂತೂ ಕಾಲೇಜಿನ ಸುದ್ದಿಯೇ ಇಲ್ಲ. ತಂಗಿ ಊಟ ಬಿಟ್ಟು ಕುಳಿತಳು. ಅವಳ ಪರವಾಗಿ ನಾನು ಸಕಾರಣವಾಗಿ, ಸೋದಾಹರಣವಾಗಿ ವಾದಿಸಿದೆ. "ಇಸ್ಕೂಲ್ ಮಕ್ಳಿಗೆ ಪಾಠ ಏಳು ಓಗು. ನಂಗೆ ಏಳ್ಬ್ಯಾಡ" ಎಂದು ಅಮ್ಮ ಪೂರ್ಣವಿರಾಮ ಹಾಕಿಬಿಟ್ಟರು.

ಮುಹೂರ್ತ ನಿಶ್ಚಯಿಸಬೇಕಾದ ದಿನ ವರಮಹಾಶಯ ಬಂದ. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ. ಒಂದು ಗಾಜಿನ ಸೀಸೆ, ಅದರ ತುಂಬ ದಾಳಿಂಬೆ ರಸದಂಥ ಕೆಂಪು ನೀರು! ಊರಿಗಾಂ ನಿಲ್ದಾಣದಲ್ಲಿ ರೈಲಿಳಿದ ಕೂಡಲೇ ಗಣಿಯ ತಮಿಳು ಕಾವಲುಗಾರನೊಬ್ಬ ತಡೆದನಂತೆ.

"ಎನ್ನಪ್ಪಾ ಇದು?"

"ಚಿನ್ನ."

ಗಣಿಯ ಊರಿನಲ್ಲಿ, ಅದೂ ಕಾವಲುಗಾರನೆದುರು, ಬಾಯಿಬಿಟ್ಟು ಹೇಳುವ ಮಾತೇ ಇದು? ಅವನು ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಎಲ್ರೂ ಚಿನ್ನ ಇಲ್ಲಿಂದ ಆಚೆ ಸಾಗಿಸ್ತಾರೆ. ನೀನು ಒಳಕ್ಕೆ ತರ್ತಿದೀಯಾ? ಪೋಪ್ಪಾ, ಷರಬತ್ತು ಕುಡ್ದು ಮಲಕ್ಕೋ!" ಎಂದು ಬಿಟ್ಟುಬಿಟ್ಟನಂತೆ.

ಆದರೆ ಅದು ನಿಜಕ್ಕೂ ಚಿನ್ನವೇ! ಅಜ್ಜಿ ಇವನ ಕಿವಿಗೆ ಹಾಕಿಸಿದ್ದ ಒಂಟಿಯಿಂದ ಒಂದು ಚೂರನ್ನು ಕತ್ತರಿಸಿ, ಆಮ್ಲದಲ್ಲಿ ಕರಗಿಸಿ, ಏನನ್ನೋ ಬೆರೆಸಿ ಕುದಿಸಿ, ಕಣ್ಣಿಗೆ ಕಾಣದ ಕಣಗಳನ್ನಾಗಿಸಿ ನೀರಿನಲ್ಲಿ ತೇಲಿಬಿಟ್ಟಿದ್ದ. ಅಷ್ಟು ಸಣ್ಣದಾದರೆ ಚಿನ್ನವು ಹಳದಿಯನ್ನು ಬಿಟ್ಟು ಕೆಂಪಾಗುತ್ತದಂತೆ.

"ಅಜ್ಜಿ ಇಟ್ಟ ಒಂಟೀನ ಪಾನ್ಕ ಮಾಡವ್ನಲ್ಲಪ್ಪೋ!" ಎಂದು ಅಮ್ಮ ಹಣೆ ಬಡಿದುಕೊಂಡರು.

ಅವನು ಸೀಸೆಯನ್ನು ಗೋಡೆಯ ಗೂಡಿನಲ್ಲಿಟ್ಟು, ಜೀವಮಾನದಲ್ಲಿ ಮೊದಲ ಬಾರಿಗೆ ವಾಕ್ಯವನ್ನು ಪೂರ್ತಿಗೊಳಿಸಿದ: "ಅತ್ತೆ, ಈ ಚಿನ್ನ ಯಾವತ್ತು ತಳಕ್ಕೆ ಕೂರ್ತದೋ ಅವತ್ತು ಮುಹೂರ್ತ ಇಡಿ. ಅಲ್ಲೀಗಂಟ ನಾನು ಮದ್ವೆ ಆಗಲ್ಲ."

ಕರ್ತೃ, ಕರ್ಮ, ಕ್ರಿಯಾಪದಗಳೆಲ್ಲವೂ ಸ್ವಸ್ಥಾನದಲ್ಲಿದ್ದವು! ಆ ಆನಂದದಲ್ಲಿ ನಾನು ಅರ್ಥದ ಕಡೆಗೆ ಗಮನವನ್ನೇ ಕೊಡಲಿಲ್ಲ.

ಅಮ್ಮ ಗಾಬರಿಯಾಗಲಿಲ್ಲ. "ರಾಗಿ ಹಾಲು ಸಂಜೆ ಇಟ್ರೆ ಬೆಳಗ್ಗೆಗೆ ತಳ ಕೂತಿರ್ತದೆ. ಇದೇನ್ ಮಹಾ? ನಾಳಿದ್ದು ಪುರೋಹಿತ್ರನ್ನ ಕರಿ" ಎಂದರು. ನಾಳಿದ್ದು ನೋಡಿದರೆ ನೀರು ಕೆಂಪು. ದೀಪಾವಳಿಗೂ ಕೆಂಪು. ಯುಗಾದಿಗೂ ಕೆಂಪು! ಪುರೋಹಿತರು ಬಂದು ಸೀಸೆಯನ್ನು ಮೂರು ಕಡೆಯಿಂದ ಪರೀಕ್ಷಿಸಿ, "ಇದರ ನಕ್ಷತ್ರ ಯಾವುದಮ್ಮಾ?" ಎಂದು ಕೇಳಿ, ಕಾಫಿ ಕುಡಿದು ಹೋದರು. ಪಕ್ಕದ ಮನೆಯಾಕೆ ರಕ್ತ ಕಡಿಮೆಯಿದೆಯೆಂದು ಒಂದು ಚಮಚ ಬೇಡಿದಳು. ಅಮ್ಮ ದೇವರಿಗೆ ಹರಕೆ ಹೊತ್ತು ಸೀಸೆಯ ಕೊರಳಿಗೆ ಅರಿಸಿನದ ದಾರ ಕಟ್ಟಿದರು. ವರನಿಗಿಂತ ಮೊದಲು ವರನ ಸೀಸೆಗೇ ಕಂಕಣವಾಯಿತು!

ಇತ್ತ ತಂಗಿ? "ಸೀಸೆ ಕಾಯ್ಕೊಂಡು ಮನೇಲಿ ಕೂತು ಏನ್ ಮಾಡಾಳು? ಅಲ್ಲೀಗಂಟ ಕಾಲೇಜ್ಗೆ ಓಗ್ಬರ್ಲಿ" ಎಂದು ಅಮ್ಮನೇ ಅಪ್ಪಣೆ ಕೊಟ್ಟರು. ಅವಳು ಹೋದಳು, ಬಂದಳು, ಓದಿದಳು. ಪ್ರತಿ ಬೆಳಗ್ಗೆ ಸೀಸೆಯನ್ನೊಮ್ಮೆ ನೋಡಿ ಹೊರಡುತ್ತಿದ್ದಳು. ಪಾಪ, ಕಾತರವೆಂದು ನಾವು ಭಾವಿಸಿದೆವು.

ಮೂರನೆಯ ವರ್ಷ, ಅವಳು ಪದವಿ ಮುಗಿಸಿದ ಬೇಸಿಗೆಯ ಕೊನೆಗೆ, ಒಂದು ಮುಂಜಾನೆ ಅಮ್ಮನ ಕೂಗಿಗೆ ಬೀದಿಯೇ ಎದ್ದಿತು. ಕೆಂಪು ಮಾಯವಾಗಿತ್ತು! ನೀರು ತಿಳಿಯಾಗಿತ್ತು, ತಳದಲ್ಲಿ ಕಪ್ಪಗೆ ಒಂದಿಷ್ಟು ಮಡ್ಡಿ. ಕೀರ್ತಿಯೆಲ್ಲವೂ ಅರಿಸಿನದ ದಾರಕ್ಕೆ ಸಂದಿತು. ಬಂಗಾರಪೇಟೆಯ ಅಕ್ಕಸಾಲಿಯೊಬ್ಬರು ಆ ಮಡ್ಡಿಯನ್ನು ಊದಿ ಕರಗಿಸಿದಾಗ ಸಾಸಿವೆ ಕಾಳಿನಷ್ಟು ಹಳದಿ ಹನಿ ಹೊಳೆಯಿತು. ಅದನ್ನು ತಾಳಿಯ ಗುಂಡಿಗೆ ಸೇರಿಸಿದರು. ಶ್ರಾವಣದಲ್ಲಿ ಮದುವೆಯಾಯಿತು.

ಆಮೇಲೆ ಅವನು ಡಾಕ್ಟರಾದ, ಉಪನ್ಯಾಸಕನಾದ, ಪ್ರಾಧ್ಯಾಪಕನಾದ. ಕುಲುಮೆಯ ಮುಂದೆ ನಿಂತು ಅಂಗಿಗಳಿಗೆಲ್ಲ ತೂತು ಮಾಡಿಕೊಂಡ. ಮಗಳ ನಾಮಕರಣದಲ್ಲಿ ತೊಟ್ಟಿಲನ್ನು ಬಿಟ್ಟು ರಂಗೋಲಿಯ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತ ಕುಳಿತ. ತೊಂಬತ್ತರ ದಶಕದಲ್ಲಿ ಅವನ ಪುಡಿಗೆ ನ್ಯಾನೋ ಎಂಬ ಹೆಸರು ಬಂದು, ದೇಶವಿದೇಶಗಳಿಂದ ಕರೆ ಬರತೊಡಗಿತು. "ಭಾವಾ, ಅಂಗಡಿ ಹಳೇದೇ, ಬೋರ್ಡು..." ಎಂದ. ಹೊಸದು ಎಂಬುದನ್ನು ನಾನೇ ಸೇರಿಸಿಕೊಂಡೆ.

ಕಳೆದ ವರ್ಷ ನಮ್ಮೂರ ಶಾಲೆಯವರು ಅವನಿಂದ ಭಾಷಣ ಮಾಡಿಸಿದರು. ಮೊದಲ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ತಂಗಿ, ಆಚೆಗೆ ನಾನು. ತಂಗಿ ಈಗ ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಅವನು ಮೇಜಿನ ಮೇಲೆ ಅದೇ ಬಣ್ಣದ ಕೆಂಪು ನೀರನ್ನಿಟ್ಟ. "ಮಕ್ಳೇ, ಇದನ್ನ ಹೀಗೇ ಬಿಟ್ರೆ ವರ್ಷಗಟ್ಲೆ ತಳ ಸೇರಲ್ಲ. ಆದ್ರೆ ಉಪ್ಪು..." ಎಂದು ಒಂದು ಹಿಡಿ ಉಪ್ಪನ್ನು ಹಾಕಿ ಕಲಕಿದ. ನಮ್ಮ ಕಣ್ಣೆದುರೇ ಕೆಂಪು ನೀಲಿಯಾಯಿತು! "ಸಾಯಂಕಾಲಕ್ಕೆ ಎಲ್ಲಾ ತಳಕ್ಕೆ..."

ಅಮ್ಮ ಎದ್ದು ನಿಂತರು. "ಇರ್ಲಾ! ಇಷ್ಟೇನಾ? ಒಂದಿಡಿ ಉಪ್ಪಾ? ಮೂರು ವರ್ಸ ಕಾಯ್ಸಿದ್ಯಲ್ಲೋ, ನಮ್ಮನೇಲಿ ಉಪ್ಪಿಗೆ ಬರ ಬಂದಿತ್ತೇನ್ಲಾ?"

ಸಭೆಯೆಲ್ಲ ನಕ್ಕಿತು. ದೇಶವಿದೇಶಗಳ ಪ್ರಾಧ್ಯಾಪಕ, "ಅತ್ತೆ, ಅದು..." ಎಂದು ತಡವರಿಸಿ, ತಂಗಿಯ ಕಡೆಗೆ ನೋಡಿದ.

ಅವಳು ಅಮ್ಮನ ಕೈ ಹಿಡಿದು ಕೂರಿಸಿದಳು. "ಸೀಸೆ ತಂದ ದಿನವೇ ಹಿತ್ತಿಲಲ್ಲಿ ನನ್ನ ಕೈಗೆ ಒಂದು ಉಪ್ಪಿನ ಪೊಟ್ಟಣ ಕೊಟ್ರಮ್ಮಾ. 'ಚೆನ್ನಾಗಿ ಓದು. ಓದು ಮುಗಿದ ಮೇಲೆ ನಾನು ಬೇಕು ಅನ್ನಿಸಿದ್ರೆ ಇದನ್ನ ಸೀಸೆಗೆ ಹಾಕು. ಬೇಡ ಅನ್ನಿಸಿದ್ರೆ ಸಾರಿಗೆ ಹಾಕ್ಬಿಡು, ನಾನು ಯಾರಿಗೂ ಹೇಳಲ್ಲ' ಅಂದ್ರು."

ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. "ನಮ್ಮಣ್ಣನ ಮಗ ಕಣೇ," ಎಂದರು, ಅಷ್ಟೇ.

ನನ್ನ ಸಮಸ್ತ ವ್ಯಾಕರಣಶುದ್ಧ ವಾದಗಳು ತಂಗಿಗೆ ಕೊಡಿಸಲಾಗದ್ದನ್ನು, ವಾಕ್ಯ ಮುಗಿಸಲು ಬಾರದ ಈ ಮನುಷ್ಯ ಕೊಟ್ಟಿದ್ದ. ಕೊನೆಯ ಮಾತನ್ನೂ ಅವಳಿಗೇ ಬಿಟ್ಟಿದ್ದ. ಅವನಿಗೆ ಕೈಮುಗಿಯೋಣವೆಂದುಕೊಂಡೆ, ಆದರೆ ಹಳೆಯ ಅಭ್ಯಾಸ, ಬಾಯಿಂದ ಬಂದದ್ದು ಪ್ರಶ್ನೆ.

"ಯಾವತ್ತು ಹಾಕಿದೆಯಮ್ಮಾ ಉಪ್ಪನ್ನ?"

ತಂಗಿ ಒಂದು ಕ್ಷಣವೂ ಯೋಚಿಸಲಿಲ್ಲ. "ರಿಸಲ್ಟ್ ಬಂದ ದಿನ ಸಂಜೆ, ದೀಪ ಹಚ್ಚಿದ ಮೇಲೆ," ಎಂದಳು. "೧೯೭೯ನೆಯ ಇಸವಿ ಜೂನ್ ೨೧, ಗುರುವಾರ."