ಅರ್ಧ ಇಂಚು ಬಿಡದವನ ಕೌದಿ

ಅಳತೆ ಸರಿಯಿದ್ದರೆ ಕೆಲಸವೂ ಸರಿಯಾಗುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ನಂಬದೆ ಏನು ಮಾಡಲಿ? ಮೂವತ್ತೊಂದು ವರ್ಷ ಮುಂಬೈಯ ಅಂಧೇರಿಯ ಆಫೀಸೊಂದರಲ್ಲಿ ಕಟ್ಟಡಗಳ ನಕ್ಷೆ ಬರೆದು ಹೊಟ್ಟೆ ಹೊರೆದವನು. ನಿವೃತ್ತನಾದ ಮೇಲೂ ಕೈ ಸುಮ್ಮನಿರಲಿಲ್ಲ. ಗೋರೆಗಾಂವಿನ ನಮ್ಮ ಮನೆಯಲ್ಲಿ ಸೋಫಾ ಗೋಡೆಯಿಂದ ಎಷ್ಟು ದೂರವಿದೆ, ಕ್ಯಾಲೆಂಡರ್ ಎಷ್ಟು ವಾಲಿದೆ ಎಂದು ಟೇಪು ಹಿಡಿದು ಓಡಾಡುತ್ತಿದ್ದೆ. ಒಂದು ದಿನ ಹೆಂಡತಿ ಲಟ್ಟಿಸಿದ ಚಪಾತಿಯನ್ನೂ ಅಳೆದೆ. ಅವಳು ಲಟ್ಟಣಿಗೆ ಕೆಳಗಿಡದೆಯೇ, "ಏನರ ಕೆಲಸ ಹುಡುಕ್ಕೋರಿ, ಇಲ್ಲಾಂದ್ರ ನಾನ ಹುಡುಕಿ ಕೊಡ್ತೀನಿ" ಎಂದಳು. ಲಟ್ಟಣಿಗೆಯ ಉದ್ದ ಅಳೆಯುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಕೆಲಸ ಬೊರಿವಲಿಯಿಂದ ಬಂತು. ಅಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮಗ ಅವಳ ಕೋಣೆಗೆ ಏಸಿ ಹಾಕಿಸಿದ್ದ. "ನಲವತ್ತ ವರ್ಷ ಮುಂಬೈಯಾಗ ಬೆವತೆ, ಈಗ ನಡಗಾಕತ್ತೀನಿ" ಎಂದು ಫೋನಿನಲ್ಲಿ ಹೇಳಿದಳು. ಅಂಗಡಿಯ ಬ್ಲಾಂಕೆಟ್ ಅವಳಿಗೆ ಬೇಡ. ನಮ್ಮ ಬಾಗಲಕೋಟೆ ಕಡೆಯವರಿಗೆ ಹಳೆಯ ಬಟ್ಟೆಯ ತುಂಡು ಜೋಡಿಸಿ ಕೈಯಲ್ಲೇ ಹೊಲಿದ ಕೌದಿ ಇಲ್ಲದಿದ್ದರೆ ಹೊದ್ದಂತೆಯೇ ಅಲ್ಲ. ಅದಕ್ಕಾಗಿ ಟ್ರಂಕಿನಿಂದ ಅವ್ವನ ಎರಡು ಇಳಕಲ್ ಸೀರೆ ತೆಗೆದಿಟ್ಟಿದ್ದಳು. ಅವ್ವ ಹೋದ ಮೇಲೆ ಅವಳದೆಂದು ಉಳಿದ ಬಟ್ಟೆ ಅಷ್ಟೇ. ಅಕ್ಕ ಸೂಜಿ ಹಿಡಿಯಬಲ್ಲಳು, ಆದರೆ ಹೆಬ್ಬೆರಳಿನ ನೋವಿಗೆ ಕತ್ತರಿ ಆಡಿಸಲಾಗದು.

"ಅವ್ವ ಹಾಕ್ತಿದ್ಳಲ್ಲ, ಮೂರ ಮೂಲಿ ತುಂಡು, ಹಂಗ ಕತ್ತರಿಸಿ ಕೊಡ್ತೀಯೇನೋ? ತಪ್ಪಿದ್ರ ಮತ್ತ ಸಿಗೂದಿಲ್ಲ ನೋಡಪಾ" ಎಂದಳು.

ತ್ರಿಕೋನವನ್ನು ನನಗೆ ಹೇಳಿಕೊಡಬೇಕೆ! "ನನ್ನ ಕೈಯಾಗ ತಪ್ಪೂ ಮಾತ ಇಲ್ಲಕ್ಕಾ" ಎಂದುಬಿಟ್ಟೆ.

ಅವಳ ಮಂಚ ಅಳೆದು ಬಂದೆ. ಏಳು ಅಡಿ ಉದ್ದ, ಐದು ಅಡಿ ಅಗಲ. ಎರಡು ತ್ರಿಕೋನ ಸೇರಿದರೆ ಆರು ಇಂಚಿನ ಒಂದು ಚೌಕ. ಒಟ್ಟು ಇನ್ನೂರ ಎಂಬತ್ತು ತ್ರಿಕೋನ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಹಾಲ್‌ನ ನೆಲದ ಮೇಲೆ ಸೀರೆ ಹಾಸಿ, ಫ್ಯಾನ್ ಆರಿಸಿ ಕೂತೆ. ನಾಲ್ಕು ದಿನ ಬನಿಯನ್ ಹಿಂಡುವಂತಾಯಿತು. ಓರೆಯಾಗಿ ಕತ್ತರಿಸಿದ ಅಂಚು ಮುಟ್ಟಿದರೆ ಹಿಗ್ಗುತ್ತದೆ ಎಂಬುದು ಕಾಗದದವನಾದ ನನಗೆ ಹೊಸ ವಿಷಯ. ಮೂರನೆಯ ದಿನ ಹೆಂಡತಿ ಸೆಖೆ ತಡೆಯಲಾರದೆ ಫ್ಯಾನ್ ಹಾಕಿದಳು. ತ್ರಿಕೋನಗಳೆಲ್ಲ ಎದ್ದು ಹಾರಿದವು, ಒಂದಂತೂ ಅಡುಗೆಮನೆಯಲ್ಲಿ ತೊಗರಿಬೇಳೆ ಡಬ್ಬಿಯ ಹಿಂದೆ ಸಿಕ್ಕಿತು. ಕೊನೆಗೆ ಸವೆದು ಹರಿದ ಮುಕ್ಕಾಲು ಭಾಗ ಮತ್ತು ದಡಿ ಬಿಟ್ಟರೆ ಸೀರೆಯಲ್ಲಿ ಏನೂ ಉಳಿಯಲಿಲ್ಲ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ.

ಭಾನುವಾರ ಅಕ್ಕ ಲೋಕಲ್ ರೈಲು ಹಿಡಿದು ಬಂದಳು. ಎರಡು ತುಂಡು ಎತ್ತಿ ಅಂಚಿಗೆ ಅಂಚು ಹಿಡಿದು ನೋಡಿದಳು.

"ಹೊಲಿಗಿಗೆ ಎಷ್ಟ ಬಿಟ್ಟೀಯೋ?"

"ಏನ ಬಿಡೂದು?" ಎಂದೆ. ನಿಜಕ್ಕೂ ಅರ್ಥವಾಗಿರಲಿಲ್ಲ.

"ಎರಡ ತುಂಡು ಕೂಡಬೇಕಂದ್ರ ಎರಡೂ ಅರ್ಧರ್ಧ ಇಂಚು ಒಳಗ ಹೋಗಬೇಕಲ್ಲೋ ತಮ್ಮಾ."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಅದೊಂದ ಅವರಿಗೆ ಬರೂದಿಲ್ರಿ ಅಕ್ಕಾರ, ಅರ್ಧ ಇಂಚು ಬಿಟ್ಟ ಕೊಡೂದು."

ಲೆಕ್ಕ ಹಾಕಿದೆ. ನಾಲ್ಕೂ ಅಂಚು, ನಡುವಿನ ಕರ್ಣ ಎಲ್ಲ ಹೊಲಿಗೆಯೊಳಗೆ ಹೋದರೆ ಆರು ಇಂಚಿನ ಚೌಕ ನಾಲ್ಕು ಚಿಲ್ಲರೆಗೆ ಇಳಿಯುತ್ತದೆ. ಏಳು ಅಡಿಯ ಕೌದಿ ಐದು ಅಡಿಯಾಗುತ್ತದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ನಕ್ಷೆಯನ್ನಾದರೆ ಅಳಿಸಿ ಬರೆಯಬಹುದಿತ್ತು. ಅವ್ವನ ಸೀರೆಯನ್ನು ಎಲ್ಲಿಂದ ತರಲಿ? ಅಕ್ಕ ಬೈಯಲೂ ಇಲ್ಲ. ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಚಹಾ ಕುಡಿದು ಹೋದಳು. ಬೈದಿದ್ದರೆ ರಾತ್ರಿ ಊಟವಾದರೂ ಸೇರುತ್ತಿತ್ತು.

ಒಂದು ತಿಂಗಳ ಮೇಲೆ ಅಕ್ಕನ ಕರೆ ಬಂತು. ಅಳುಕುತ್ತಲೇ ಬೊರಿವಲಿಗೆ ಹೋದೆ. ಅಕ್ಕ ಕೌದಿಯನ್ನು ತಲೆಯಿಂದ ಹೊದ್ದು ನಿಂತಿದ್ದಳು. ಅದರ ಅಂಚು ಸರಿಯಾಗಿ ಅವಳ ಪಾದ ಮುಟ್ಟುತ್ತಿತ್ತು.

"ಅವ್ವ ಇದ್ದದ್ದೂ ಇಷ್ಟ ಉದ್ದ, ನಾನೂ ಇಷ್ಟ ಉದ್ದ. ಏಳ ಅಡಿ ಯಾರಿಗಂತ ಅಳದಿದ್ದೆಪಾ?"

ನಾನು ಅಳೆದದ್ದು ಮಂಚವನ್ನು. ಮಲಗುವವಳನ್ನು ಅಳೆಯಬೇಕೆಂದು ಹೊಳೆದಿರಲಿಲ್ಲ. ಕಣ್ಣು ಒದ್ದೆಯಾಯಿತು, ಏಸಿಯ ಥಂಡಿ ಎಂದೆ.

ಒಂದು ಮೂಲೆಯನ್ನು ಅಕ್ಕ ಹೊಲಿಯದೆ ಬಿಟ್ಟಿದ್ದಳು. ನಮ್ಮ ಕಡೆ ಕೌದಿ ಮುಗಿಸುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. "ಕತ್ತರಿಸಿದಾಂವ ನೀನು, ನೀನ ಇಡು" ಎಂದು ಜೋಳದ ರೊಟ್ಟಿ ಕೈಗೆ ಕೊಟ್ಟಳು. ಈ ಸಲ ತಪ್ಪಬಾರದೆಂದು ಮೂಲೆಯನ್ನು ಕಣ್ಣಲ್ಲೇ ಅಳೆದು, ಹೊಲಿಗೆಗೆಂದು ಸುತ್ತಲೂ ಅರ್ಧ ಇಂಚು ಹೆಚ್ಚು ಬಿಟ್ಟೇ ಮುರಿದೆ. ಚೂರು ಒಳಗೆ ಹೋಗಲಿಲ್ಲ.

"ರೊಟ್ಟಿಗೆ ಯಾರ ಹೊಲಿಗಿ ಹಾಕ್ತಾರೋ?" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಚ್ಚಾದ ಅರ್ಧ ಇಂಚನ್ನು ಅಲ್ಲೇ ಕೂತು ನಾನೇ ತಿಂದೆ.